ಅರ್ಥವಾಗದ ಒಂದು ಎಚ್ಚರಿಕೆ: ಫಿಲಿಪ್ಪೀನ್ಸ್ ಜನ ಚಂಡಮಾರುತದ ಜೊತೆ ಬದುಕಿದ ಕಥೆ



ಫಿಲಿಪ್ಪೀನ್ಸ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಮೊದಲು ನೆನಪಾಗೋದು ಮ್ಯಾಗ್ಸೆಸೆ ಪ್ರಶಸ್ತಿ. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಅವರಿಗೆ ಆ ಪ್ರಶಸ್ತಿ ಬಂದದ್ದು 1991ರಲ್ಲಿ. ಅದೇ ವರ್ಷದ ನವೆಂಬರ್ 5ರಂದು ಆ ದೇಶದ ಲೇಯ್ಟೆ ದ್ವೀಪದಲ್ಲಿ, ಓರ್ಮೋಕ್ ಅನ್ನೋ ಊರಲ್ಲಿ, ಕೆಲವೇ ಗಂಟೆಗಳ ಅಂತರದಲ್ಲಿ ಸುಮಾರು ಐದು ಸಾವಿರ ಜನ ಸತ್ತರು. ದೊಡ್ಡ ಬಿರುಗಾಳಿ ಏನೂ ಅಲ್ಲ ಅದು. ಗಾಳಿಯ ಲೆಕ್ಕದಲ್ಲಿ ಸಾಧಾರಣ ಅನ್ನಬಹುದಾದ ಒಂದು ಉಷ್ಣವಲಯದ ಮಾರುತ. ಆದರೆ ಊರಿನ ಹಿಂದಿನ ಗುಡ್ಡಗಳಲ್ಲಿ ಕಾಡು ಹೋಗಿ ಎಷ್ಟೋ ಕಾಲವಾಗಿತ್ತು. ಕಬ್ಬಿನ ತೋಟಗಳು ಬಂದಿದ್ದವು. ಸುರಿದ ಮಳೆಯನ್ನ ಹಿಡಿದು ನಿಲ್ಲಿಸೋಕೆ ಅಲ್ಲಿ ಏನೂ ಇರಲಿಲ್ಲ. ನೀರು ಮಣ್ಣನ್ನೂ ಮರದ ದಿಮ್ಮಿಗಳನ್ನೂ ಹೊತ್ತುಕೊಂಡು ಊರಿನ ಮೇಲೆ ಬಂತು. ಹೆಚ್ಚು ಸತ್ತವರು ನದಿಯ ತಗ್ಗಿನಲ್ಲಿ, ಬೇರೆ ಜಾಗ ಸಿಗದೆ ಗುಡಿಸಲು ಹಾಕಿಕೊಂಡಿದ್ದ ಬಡವರು.

ಇದನ್ನ ಮೊದಲೇ ಹೇಳೋದಕ್ಕೆ ಕಾರಣ ಇದೆ. ಫಿಲಿಪ್ಪೀನ್ಸ್ ಬಗ್ಗೆ ಜಗತ್ತಿನ ಪತ್ರಿಕೆಗಳು ಬರೆಯುವಾಗ ಒಂದು ಪದ ತಪ್ಪದೆ ಬರುತ್ತೆ. ರೆಸಿಲಿಯನ್ಸ್. ಬಿದ್ದಲ್ಲಿಂದ ಮತ್ತೆ ಎದ್ದು ನಿಲ್ಲುವ ಶಕ್ತಿ. ಆ ಶಕ್ತಿ ಅವರಿಗಿದೆ, ಅದು ನಿಜ. ಆದರೆ ಅದು ರಕ್ತದಲ್ಲಿ ಬಂದದ್ದಾ, ಅಥವಾ ಯಾರಾದರೂ ಯಾವಾಗಲೋ ಕೂತು ಕಟ್ಟಿದ್ದಾ? ಇವತ್ತಿನ ಸಂಚಿಕೆಯ ಪ್ರಶ್ನೆ ಇಷ್ಟೇ.

ಮೊದಲು ಭೂಗೋಳ ನೋಡೋಣ. ಫಿಲಿಪ್ಪೀನ್ಸ್‌ನಲ್ಲಿ 7,641 ದ್ವೀಪಗಳಿವೆ. ಪೂರ್ವಕ್ಕೆ ಮುಖ ಮಾಡಿ ನಿಂತರೆ ಎದುರಿಗಿರೋದು ಬರೀ ಪೆಸಿಫಿಕ್ ಸಾಗರ, ಸಾವಿರಾರು ಕಿಲೋಮೀಟರ್ ಬೆಚ್ಚಗಿನ ನೀರು. ಚಂಡಮಾರುತಕ್ಕೆ ಬೇಕಾದ ಆಹಾರವೇ ಅದು. ವರ್ಷಕ್ಕೆ ಸರಾಸರಿ 20 ಚಂಡಮಾರುತಗಳು ಈ ದೇಶದ ಹವಾಮಾನ ವ್ಯಾಪ್ತಿಯೊಳಗೆ ಬರುತ್ತವೆ, ಎಂಟೊಂಬತ್ತು ನೆಲಕ್ಕೆ ಅಪ್ಪಳಿಸುತ್ತವೆ. ಇತಿಹಾಸಕಾರ ಗ್ರೆಗ್ ಬ್ಯಾಂಕಾಫ್ 2003ರಲ್ಲಿ ಬರೆದ ‘ಕಲ್ಚರ್ಸ್ ಆಫ್ ಡಿಸಾಸ್ಟರ್’ ಪುಸ್ತಕದ ವಾದವೂ ಇಲ್ಲಿಂದಲೇ ಹುಟ್ಟೋದು. ನಮಗೆ ವಿಪತ್ತು ಅಂದ್ರೆ ಅಪರೂಪಕ್ಕೆ ಬರುವ ಆಘಾತ. ಅವರಿಗೆ ಅದು ದಿನನಿತ್ಯದ ಬದುಕಿನ ಭಾಗ. ಮನೆ ಹೇಗೆ ಕಟ್ಟಬೇಕು, ಏನು ಬೆಳೀಬೇಕು, ನೆರೆಯವರ ಜೊತೆ ಹೇಗಿರಬೇಕು ಅನ್ನೋದನ್ನೆಲ್ಲ ಅದೇ ತೀರ್ಮಾನ ಮಾಡಿದೆ.

ಮನೆಯನ್ನೇ ತಗೊಳ್ಳಿ. ಬಯಲು ಪ್ರದೇಶದ ಹಳೆಯ ಮನೆಗೆ ಬಹಾಯ್ ಕುಬೊ ಅಂತಾರೆ. ಬಿದಿರು, ನಿಪಾ ಅನ್ನೋ ತಾಳೆ ಜಾತಿಯ ಗಿಡದ ಗರಿ, ಕೆಳಗೆ ಎತ್ತರದ ಕಂಬಗಳು. ಪ್ರವಾಹ ಬಂದರೆ ನೀರು ಕಂಬಗಳ ನಡುವೆ ಹರಿದು ಹೋಗುತ್ತೆ. ದೊಡ್ಡ ಗಾಳಿ ಬಂದರೆ ಮನೆ ಹಾರಿಹೋಗುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗರಿ ತಲೆ ಮೇಲೆ ಬಿದ್ದರೆ ಯಾರೂ ಸಾಯಲ್ಲ. ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಬಹುದು. ಮನೆ ಬೇರೆ ಕಡೆ ಸಾಗಿಸಬೇಕಾದರೆ ಊರಿನ ಗಂಡಸರೆಲ್ಲ ಸೇರಿ, ಕೆಳಗೆ ಬಿದಿರಿನ ಗಳ ತೂರಿಸಿ, ಇಡೀ ಮನೆಯನ್ನೇ ಹೆಗಲ ಮೇಲೆ ಹೊತ್ತು ನಡೀತಿದ್ದರು. ಇದಕ್ಕೆ ಬಯಾನಿಹಾನ್ ಅಂತ ಹೆಸರು. ಕೂಲಿ ಇಲ್ಲ, ಮನೆಯವರು ಊಟ ಹಾಕಬೇಕು ಅಷ್ಟೇ. ನಮ್ಮ ಮಲೆನಾಡಿನ ಮುಯ್ಯಾಳು ಪದ್ಧತಿ ಗೊತ್ತಿದ್ದವರಿಗೆ ಇದರ ಲೆಕ್ಕಾಚಾರ ತಕ್ಷಣ ಅರ್ಥವಾಗುತ್ತೆ.

ಇನ್ನು ದೇಶದ ಉತ್ತರದ ತುದಿ, ತೈವಾನ್ ಕಡೆಗೆ ಬಾತಾನೆಸ್ ಅನ್ನೋ ಪುಟ್ಟ ದ್ವೀಪಗಳಿವೆ. ಅಲ್ಲಿನ ಇವಾತಾನ್ ಜನರದ್ದು ಇದಕ್ಕೆ ಪೂರ್ತಿ ಉಲ್ಟಾ ದಾರಿ. ಗಾಳಿಗೆ ಬಾಗೋದಲ್ಲ, ಗಾಳಿಗೆ ಎದೆ ಕೊಡೋದು. ಸ್ಪ್ಯಾನಿಷ್ ಆಳ್ವಿಕೆಯ ಕಾಲದಲ್ಲಿ ಬಂದ ಸುಣ್ಣ, ಕಲ್ಲಿನ ಕಟ್ಟಡ ವಿದ್ಯೆಯನ್ನ ಅವರು ತಮ್ಮ ಗಾಳಿಗೆ ತಕ್ಕ ಹಾಗೆ ಒಗ್ಗಿಸಿಕೊಂಡರು. ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೆ ಒತ್ತಾಗಿ ಹೆಣೆದ ಹುಲ್ಲಿನ ದಪ್ಪ ಮಾಡು. ಬೆಳೆಯಲ್ಲೂ ಅದೇ ಯೋಚನೆ: ಗೆಣಸು, ಸುವರ್ಣಗೆಡ್ಡೆಯಂಥ ಕಂದಮೂಲಗಳು. ಗಾಳಿ ಮಣ್ಣಿನ ಕೆಳಗೆ ಕೈ ಹಾಕಲ್ಲವಲ್ಲ.

ಆದರೆ ಇಲ್ಲೊಂದು ಪಾಠವೂ ಇದೆ. 2019ರ ಜುಲೈ 27ರ ಬೆಳಗಿನ ಜಾವ ಬಾತಾನೆಸ್‌ನ ಇತ್ಬಾಯತ್ ದ್ವೀಪದಲ್ಲಿ ಭೂಕಂಪ ಆಯಿತು. ತಲೆತಲಾಂತರದಿಂದ ಗಾಳಿಯನ್ನ ತಡೆದಿದ್ದ ಅದೇ ಕಲ್ಲಿನ ಗೋಡೆಗಳು ಮಲಗಿದ್ದವರ ಮೇಲೆ ಕುಸಿದವು. ಒಂಬತ್ತು ಜನ ಸತ್ತರು. ಅಂದ್ರೆ, ಪರಂಪರೆಯ ಜ್ಞಾನ ಅನ್ನೋದು ಮಂತ್ರವಲ್ಲ. ಅದು ಒಂದು ನಿರ್ದಿಷ್ಟ ಅಪಾಯಕ್ಕೆ ಕೊಟ್ಟ ನಿರ್ದಿಷ್ಟ ಉತ್ತರ. ಅಪಾಯ ಬದಲಾದರೆ ಉತ್ತರವೂ ಬದಲಾಗಬೇಕು. ಈ ಮಾತನ್ನ ಸ್ವಲ್ಪ ನೆನಪಲ್ಲಿಟ್ಟುಕೊಳ್ಳಿ.

ಈಗ ವಿಜ್ಞಾನದ ಕಡೆ ಬರೋಣ. 1865ರಲ್ಲಿ ಮನಿಲಾದ ಜೆಸುಯಿಟ್ ಪಾದ್ರಿಗಳು ಒಂದು ವೀಕ್ಷಣಾಲಯ ಶುರು ಮಾಡಿದರು. ಅದರ ನೇತೃತ್ವ ವಹಿಸಿದ ಫೆದೆರಿಕೊ ಫೌರಾ ಅನ್ನೋ ಪಾದ್ರಿ ವರ್ಷಗಟ್ಟಲೆ ವಾಯುಭಾರಮಾಪಕದ ಏರಿಳಿತ ಬರೆದಿಟ್ಟುಕೊಂಡು, ಮೋಡದ ಚಲನೆ ಗಮನಿಸಿ, 1879ರ ಜುಲೈ 7ರಂದು ಚಂಡಮಾರುತ ಬರುತ್ತೆ ಅಂತ ಮುನ್ಸೂಚನೆ ಕೊಟ್ಟರು. ಪೂರ್ವ ಏಷ್ಯಾದಲ್ಲಿ ಇಂಥ ಎಚ್ಚರಿಕೆಗಳ ಇತಿಹಾಸ ಶುರುವಾಗೋದು ಹೆಚ್ಚುಕಡಿಮೆ ಅಲ್ಲಿಂದ. ಉಪಗ್ರಹ ಇಲ್ಲ, ರೇಡಿಯೊ ಇಲ್ಲ. ಇದ್ದದ್ದು ಪಾದರಸದ ಕೊಳವೆ, ಟೆಲಿಗ್ರಾಫ್ ತಂತಿ ಮತ್ತು ತಾಳ್ಮೆ.

ಫೌರಾ ತೀರಿಕೊಂಡದ್ದು 1897ರ ಜನವರಿಯಲ್ಲಿ. ಅದೇ ವರ್ಷದ ಅಕ್ಟೋಬರ್ 12 ಮತ್ತು 13ರಂದು ಸಮಾರ್ ಮತ್ತು ಲೇಯ್ಟೆ ದ್ವೀಪಗಳಿಗೆ ಭೀಕರ ಚಂಡಮಾರುತ ಅಪ್ಪಳಿಸಿತು. ಫೌರಾ ಜಾಗಕ್ಕೆ ಬಂದ ಹೊಸೆ ಆಲ್ಗೆ ಅದರ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಸ್ಪ್ಯಾನಿಷ್‌ನಲ್ಲಿ ಬರೆದರು. ಬರೀ ಗಾಳಿಯ ಕಥೆ ಅಲ್ಲ ಅದು. ಸಮುದ್ರ ಎದ್ದು ನೆಲದ ಮೇಲೆ ಬಂದ ಕಥೆ. ಎರಡೂ ದ್ವೀಪಗಳ ಕರಾವಳಿ ಊರುಗಳು ನೀರಿಗೆ ಸಿಕ್ಕವು, ಸಾವಿರಕ್ಕೂ ಹೆಚ್ಚು ಜನ ಸತ್ತರು. ಎಲ್ಲ ದಾಖಲೆಯಲ್ಲಿದೆ. ಅದೇ ಕರಾವಳಿಗೆ 1912ರ ನವೆಂಬರ್‌ನಲ್ಲಿ ಮತ್ತೊಂದು ಬಂತು.

ಈಗ 2013ಕ್ಕೆ ಬನ್ನಿ. ನವೆಂಬರ್ 7ರ ಸಂಜೆ. ಹೈಯಾನ್ ಅನ್ನೋ ಚಂಡಮಾರುತ ಬರ್ತಿದೆ. ಫಿಲಿಪ್ಪೀನ್ಸ್ ಅದಕ್ಕೆ ಇಟ್ಟ ಹೆಸರು ಯೋಲಾಂದಾ. ಅಲ್ಲಿ 1963ರಿಂದಲೂ ತಮ್ಮದೇ ಹೆಸರುಗಳ ಪಟ್ಟಿ ಇದೆ, ಜನಕ್ಕೆ ನೆನಪಿರಲಿ ಅಂತ. ಯಾವುದಾದರೂ ಚಂಡಮಾರುತ 300 ಜನರನ್ನ ಕೊಂದರೆ ಅಥವಾ ನೂರು ಕೋಟಿ ಪೆಸೊ ನಷ್ಟ ಮಾಡಿದರೆ ಆ ಹೆಸರನ್ನ ಪಟ್ಟಿಯಿಂದಲೇ ತೆಗೆದುಬಿಡ್ತಾರೆ. ಎಚ್ಚರಿಕೆ ಕೊಡಲಿಲ್ಲ ಅಂತ ಹೇಳೋ ಹಾಗಿರಲಿಲ್ಲ. ಅಧ್ಯಕ್ಷ ಬೆನಿಗ್ನೊ ಅಕಿನೊ ಸ್ವತಃ ಟಿವಿಯಲ್ಲಿ ಬಂದು, ಕೆಲವು ಕಡೆ ಐದಾರು ಮೀಟರ್ ಎತ್ತರದ ‘ಸ್ಟಾರ್ಮ್ ಸರ್ಜ್’ ಬರಬಹುದು ಅಂದರು.

ಸಮಸ್ಯೆ ಇದ್ದದ್ದು ಆ ಎರಡು ಪದಗಳಲ್ಲೇ.

ಸ್ಟಾರ್ಮ್ ಸರ್ಜ್ ಅಂದ್ರೆ ಏನು ಅಂತ ಲೇಯ್ಟೆಯ ಮೀನುಗಾರರಿಗೆ, ತರಕಾರಿ ಮಾರುವವರಿಗೆ, ಎಷ್ಟೋ ಕಡೆ ಅಧಿಕಾರಿಗಳಿಗೂ ಗೊತ್ತಿರಲಿಲ್ಲ. ಬಿರುಗಾಳಿ ಗೊತ್ತು, ಮಳೆ ಗೊತ್ತು, ಪ್ರವಾಹ ಗೊತ್ತು. ಗಾಳಿಯೇ ಸಮುದ್ರವನ್ನ ತಳ್ಳಿಕೊಂಡು ಊರೊಳಗೆ ತರುತ್ತೆ ಅನ್ನೋದು ಆ ಪದದಿಂದ ಅವರಿಗೆ ಹೊಳೆಯಲಿಲ್ಲ. ಆಮೇಲೆ ಬದುಕಿ ಉಳಿದ ಅನೇಕರು ಹೇಳಿದ್ದು ಒಂದೇ ಮಾತು: ಸುನಾಮಿ ಅಂತ ಹೇಳಿದ್ದಿದ್ರೆ ಓಡ್ತಿದ್ವಿ. ವೈಜ್ಞಾನಿಕವಾಗಿ ಎರಡೂ ಬೇರೆ ಬೇರೆ, ಸರಿ. ಆದರೆ ಮನೆ ಬಾಗಿಲಲ್ಲಿ ನಿಂತು ಹೋಗಬೇಕಾ ಬೇಡವಾ ಅಂತ ಯೋಚಿಸೋ ತಾಯಿಗೆ ಬೇಕಾಗಿದ್ದದ್ದು ವ್ಯಾಖ್ಯಾನ ಅಲ್ಲ, ಚಿತ್ರ. ಕಣ್ಣಿಗೆ ಕಟ್ಟುವ ಚಿತ್ರ.

ನವೆಂಬರ್ 8ರ ಬೆಳಗಿನ ಜಾವ ಚಂಡಮಾರುತ ಸಮಾರ್‌ನ ಗಿವಾನ್ ಬಳಿ ನೆಲ ಮುಟ್ಟಿತು. ಗಂಟೆಗೆ 300 ಕಿಲೋಮೀಟರ್ ದಾಟಿದ ಗಾಳಿ ಅಂತ ಅಮೆರಿಕದ ಹವಾಮಾನ ತಜ್ಞರ ಅಂದಾಜು. ತಕ್ಲೋಬಾನ್ ನಗರ ಒಂದು ಕೊಲ್ಲಿಯ ತುದಿಯಲ್ಲಿದೆ. ಆಲಿಕೆಯೊಳಗೆ ಸುರಿದ ಹಾಗೆ ನೀರು ಅದರೊಳಗೆ ನುಗ್ಗಿತು. ಗಾಳಿಗೆ ಹೆದರಿ ಜನ ಸೇರಿದ್ದ ಆಶ್ರಯ ಕೇಂದ್ರಗಳಲ್ಲೇ ಕೆಲವು ಮುಳುಗಿದವು. ಹಡಗುಗಳು ಮನೆಗಳ ಮೇಲೆ ಬಂದು ನಿಂತವು. ಅದರಲ್ಲೊಂದರ ಮುಂಭಾಗವನ್ನ ಈಗಲೂ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಸರ್ಕಾರಿ ಲೆಕ್ಕದಲ್ಲೇ ಸತ್ತವರು 6,300. ಮನೆ ಕಳಕೊಂಡು ಚದುರಿದವರು ಸುಮಾರು 40 ಲಕ್ಷ.

1897ರಲ್ಲಿ ಸಮುದ್ರ ಬಂದದ್ದೂ ಇದೇ ಕರಾವಳಿಗೆ. ಪುಸ್ತಕ ಇತ್ತು. ಆದರೆ ಅದು ಸ್ಪ್ಯಾನಿಷ್ ಭಾಷೆಯಲ್ಲಿ ಗ್ರಂಥಾಲಯದಲ್ಲಿತ್ತು. ನಡುವೆ ಒಂದು ದೇಶದ ಆಡಳಿತ ಭಾಷೆ ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ ಬದಲಾಗಿತ್ತು. 1945ರ ಯುದ್ಧದಲ್ಲಿ ಮನಿಲಾ ವೀಕ್ಷಣಾಲಯದ ಕಟ್ಟಡ, ಅದರ ದಾಖಲೆಗಳು ಸುಟ್ಟುಹೋಗಿದ್ದವು. ಕಡಲತಡಿಯ ಜನರ ಮಾತಿನಲ್ಲಿ ಆ ನೆನಪು ಒಂದು ಪದವಾಗಿ ಉಳಿದು ಬರಲಿಲ್ಲ. ಇತಿಹಾಸ ಮರೆತರೆ ಏನಾಗುತ್ತೆ ಅಂತ ನಾವು ಭಾಷಣದಲ್ಲಿ ಹೇಳ್ತೀವಲ್ಲ, ಇದು ಅದರ ನಿಜವಾದ ಬೆಲೆ.

ಅದೇ ಹೈಯಾನ್, ಅದೇ ದಿನ, ಇನ್ನೊಂದು ಜಾಗ. ಸೆಬು ಪ್ರಾಂತ್ಯದ ಕಮೋತೆಸ್ ದ್ವೀಪಗಳ ಹತ್ತಿರ ತುಲಾಂಗ್ ದಿಯೊತ್ ಅನ್ನೋ ಪುಟಾಣಿ ದ್ವೀಪ. ಸುಮಾರು ಸಾವಿರ ಜನ, ಸುಮಾರು 500 ಮನೆ. ಚಂಡಮಾರುತ ಎಲ್ಲ ಮನೆಗಳನ್ನೂ ನೆಲಸಮ ಮಾಡಿತು. ಸತ್ತವರು ಎಷ್ಟು ಗೊತ್ತಾ? ಒಬ್ಬರೂ ಇಲ್ಲ. ಯಾಕಂದ್ರೆ ಅಷ್ಟು ಹೊತ್ತಿಗೆ ದ್ವೀಪದಲ್ಲಿ ಒಬ್ಬರೂ ಇರಲಿಲ್ಲ. ಹಿಂದಿನ ದಿನವೇ ಎಲ್ಲರನ್ನೂ ದೋಣಿಯಲ್ಲಿ ಪಕ್ಕದ ದೊಡ್ಡ ದ್ವೀಪಕ್ಕೆ ಕರಕೊಂಡು ಹೋಗಿದ್ದರು.

ಇದು ಅದೃಷ್ಟ ಅಲ್ಲ. ಆ ದ್ವೀಪ ಸೇರುವ ಸಾನ್ ಫ್ರಾನ್ಸಿಸ್ಕೊ ಪುರಸಭೆಯಲ್ಲಿ ಪುರೋಕ್ ಅನ್ನೋ ಪದ್ಧತಿ ಇದೆ. ಪುರೋಕ್ ಅಂದ್ರೆ ಊರಿನೊಳಗಿನ ಕೇರಿ. ಅಲ್ಲಿನ ಮನೆಗಳೇ ಸೇರಿ ತಮ್ಮ ಮುಖಂಡರನ್ನ ಆರಿಸ್ತಾರೆ, ಸ್ವಲ್ಪ ಸ್ವಲ್ಪ ಹಣ ಕೂಡಿಡ್ತಾರೆ, ಕಸ ವಿಂಗಡಣೆಯಿಂದ ಹಿಡಿದು ವಿಪತ್ತಿನ ತಾಲೀಮಿನವರೆಗೆ ಎಲ್ಲವನ್ನೂ ಅಲ್ಲೇ ನಡೆಸ್ತಾರೆ. ಮೇಯರ್ ಆಗಿದ್ದ ಆಲ್ಫ್ರೆದೊ ಅರ್ಕಿಲ್ಯಾನೊ ಈ ವ್ಯವಸ್ಥೆಯನ್ನ ಗಟ್ಟಿ ಮಾಡಿದ್ದರು. 2011ರಲ್ಲೇ ಇದಕ್ಕೆ ವಿಶ್ವಸಂಸ್ಥೆಯ ಸಸಕಾವಾ ಪ್ರಶಸ್ತಿಯೂ ಬಂದಿತ್ತು. ಹಾಗಾಗಿ ಎಚ್ಚರಿಕೆ ಬಂದಾಗ ಅದು ಟಿವಿಯೊಳಗಿನ ಇಂಗ್ಲಿಷ್ ಪದವಾಗಿ ಉಳಿಯಲಿಲ್ಲ. ಪರಿಚಯದ ಮುಖವೊಂದು ಬಾಗಿಲಿಗೆ ಬಂದು “ದೋಣಿ ಹತ್ತಿ” ಅಂತ ಹೇಳುವ ಮಾತಾಯಿತು. ಹಳೆಯ ಬಯಾನಿಹಾನ್‌ನಲ್ಲಿ ಊರವರು ಮನೆ ಹೊರ್ತಿದ್ದರು. ಇಲ್ಲಿ ಮನೆ ಬಿಟ್ಟು ಮನುಷ್ಯರನ್ನ ಹೊತ್ತರು. ಅಪಾಯ ಬದಲಾದಾಗ ಉತ್ತರ ಬದಲಾಗೋದು ಅಂದ್ರೆ ಇದೇ.

ಕಲಿತವರು ಅವರು ಮಾತ್ರ ಅಲ್ಲ. ಹವಾಮಾನ ಸಂಸ್ಥೆ ಪಗಾಸಾ, 1972ರಲ್ಲಿ ಆದದ್ದು, ಅದರ ಹೆಸರನ್ನ ಕೂಡಿಸಿ ಓದಿದರೆ ಅವರ ಭಾಷೆಯಲ್ಲಿ ‘ಭರವಸೆ’ ಅನ್ನೋ ಅರ್ಥ ಬರುತ್ತೆ. ಹೈಯಾನ್ ಆದ ಮೇಲೆ ಸಮುದ್ರದ ಉಬ್ಬರಕ್ಕೆ ಜನಭಾಷೆಯ ‘ದಲುಯೊಂಗ್’ ಪದ ಮುಂದೆ ಬಂತು. ಯಾವ ಊರಲ್ಲಿ ಎಷ್ಟು ಮೀಟರ್ ನೀರು, ಅದು ಮನೆಯ ಎಷ್ಟನೇ ಮಹಡಿಗೆ ಬರುತ್ತೆ ಅಂತ ಹೇಳುವ ರೀತಿಗೆ ಒತ್ತು ಸಿಕ್ಕಿತು. ಒಂದೇ ವರ್ಷದ ನಂತರ, 2014ರ ಡಿಸೆಂಬರ್‌ನಲ್ಲಿ, ಹಾಗುಪಿಟ್ ಅನ್ನೋ ಚಂಡಮಾರುತ ಅದೇ ಸಮಾರ್‌ಗೆ ಬಂತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಮೊದಲೇ ಜಾಗ ಖಾಲಿ ಮಾಡಿದರು. ಸತ್ತವರ ಸಂಖ್ಯೆ ಇಪ್ಪತ್ತರ ಆಸುಪಾಸಿನಲ್ಲಿ ನಿಂತಿತು. ಅದರ ಬಲ ಹೈಯಾನ್‌ಗಿಂತ ಕಡಿಮೆ ಇತ್ತು, ಒಪ್ಪೋಣ. ಆದರೆ ಆ ಸಲ ಯಾರಿಗೂ ಪದದ ಅರ್ಥ ಕೇಳಬೇಕಾಗಿರಲಿಲ್ಲ.

ಹಾಗಾದ್ರೆ ಎಲ್ಲ ಸರಿಹೋಯ್ತಾ? ಇಲ್ಲ. ಕಥೆಯ ಕಷ್ಟದ ಭಾಗ ಈಗ ಬರುತ್ತೆ.

ಬದುಕಿ ಉಳಿಯೋದು ಒಂದು, ಆಮೇಲೆ ಬದುಕೋದು ಇನ್ನೊಂದು. ತಕ್ಲೋಬಾನ್‌ನಲ್ಲಿ ಕಡಲತಡಿಯ ಕುಟುಂಬಗಳಿಗೆ ನಗರದ ಉತ್ತರದಲ್ಲಿ, ಸಮುದ್ರದಿಂದ ದೂರ, ಸಾಲುಮನೆಗಳನ್ನ ಕಟ್ಟಿಕೊಟ್ಟರು. ಸುರಕ್ಷಿತ ಜಾಗ, ನಿಜ. ಆದರೆ ಎಷ್ಟೋ ಕಾಲ ಅಲ್ಲಿ ಕುಡಿಯೋ ನೀರಿಗೇ ಪರದಾಟ. ಮೀನು ಹಿಡಿಯುವವನಿಗೆ ಸಮುದ್ರ ದೂರ, ಕೂಲಿ ಮಾಡುವವಳಿಗೆ ಪೇಟೆ ದೂರ, ಬಸ್ಸಿನ ಖರ್ಚೇ ಸಂಬಳ ತಿನ್ನುತ್ತೆ. ಹಾಗಾಗಿ ಕೆಲವರು ದುಡಿಮೆಗೆ ಮತ್ತೆ ಅದೇ ದಡಕ್ಕೆ ವಾಪಸ್ ಬಂದರು. ಅವರಿಗೆ ಬುದ್ಧಿ ಇಲ್ಲ ಅನ್ನೋದು ಸುಲಭ. ಅವರು ಮಾಡಿದ್ದು ಲೆಕ್ಕಾಚಾರ: ಯಾವತ್ತೋ ಬರುವ ಚಂಡಮಾರುತ ಒಂದು ಕಡೆ, ದಿನಾ ಬರುವ ಹಸಿವು ಇನ್ನೊಂದು ಕಡೆ.

ಬೊಹೋಲ್ ಪ್ರಾಂತ್ಯದ ತುಬಿಗೊನ್ ಹತ್ತಿರ ಬಾತಾಸನ್, ಉಬಾಯ್ ಮೊದಲಾದ ನಾಲ್ಕು ಸಣ್ಣ ದ್ವೀಪಗಳಿವೆ. 2013ರ ಅಕ್ಟೋಬರ್‌ನ ಭೂಕಂಪದಲ್ಲಿ ಅಲ್ಲಿ ನೆಲವೇ ಕುಸಿದು ತಗ್ಗಾಯಿತು. ಅಂದಿನಿಂದ ಸಮುದ್ರ ಉಬ್ಬರದ ದಿನಗಳಲ್ಲಿ ನೀರು ಮನೆಯೊಳಗೆ ಬರುತ್ತೆ. ಜಗತ್ತಿನ ಬೇರೆ ಕರಾವಳಿಗಳು ಮುಂದಿನ ದಶಕಗಳಲ್ಲಿ ನೋಡಬೇಕಾದದ್ದನ್ನ ಅವರು ಒಂದೇ ದಿನದಲ್ಲಿ ನೋಡಿದರು. ಸರ್ಕಾರ ಒಳನಾಡಿಗೆ ಬನ್ನಿ ಅಂದಿತು. ಬಹುಪಾಲು ಜನ ಬರಲಿಲ್ಲ. ಹವಳದ ಕಲ್ಲು ತುಂಬಿ ಮನೆಯ ನೆಲ ಎತ್ತರಿಸಿದರು, ಕಂಬದ ಮೇಲೆ ಮನೆ ಕಟ್ಟಿದರು, ಸಾಮಾನನ್ನೆಲ್ಲ ಅಟ್ಟಕ್ಕೆ ಏರಿಸಿದರು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಆಯ್ಕೆಯನ್ನ ದಾಖಲಿಸಿ ಜಗತ್ತಿನ ಗಮನ ಸೆಳೆಯಿತು. ಹವಾಮಾನ ನಿರಾಶ್ರಿತರು ಅಂತ ನಾವು ಹೆಸರಿಟ್ಟಾಗ, ಆ ಜನಕ್ಕೂ ಒಂದು ಅಭಿಪ್ರಾಯ ಇರಬಹುದು ಅನ್ನೋದನ್ನ ಮರೀತೀವಿ.

ಈ ನಡುವೆ ಅಪಾಯವೇ ಬೆಳೀತಿದೆ. ಹವಾಮಾನ ಬದಲಾವಣೆಯಿಂದ ಚಂಡಮಾರುತಗಳ ಸಂಖ್ಯೆ ಹೆಚ್ಚುತ್ತೆ ಅಂತ ವಿಜ್ಞಾನಿಗಳು ಹೇಳ್ತಿಲ್ಲ. ಅವರು ಹೇಳೋದು ಬೇರೆ: ಬರುವವುಗಳಲ್ಲಿ ಅತಿ ಬಲಿಷ್ಠವಾದವುಗಳ ಪಾಲು ಹೆಚ್ಚುತ್ತೆ, ಬೆಚ್ಚಗಿನ ಗಾಳಿ ಹೆಚ್ಚು ನೀರು ಹೊರುವುದರಿಂದ ಮಳೆ ಹೆಚ್ಚುತ್ತೆ, ಸಮುದ್ರ ಮಟ್ಟ ಏರಿದಷ್ಟೂ ಅದೇ ಗಾಳಿ ನೀರನ್ನ ಇನ್ನಷ್ಟು ಒಳಗೆ ತಳ್ಳುತ್ತೆ. 2009ರ ಸೆಪ್ಟೆಂಬರ್ 26ರಂದು, ಓಂದೋಯ್ ಬಂದಾಗ, ಮನಿಲಾ ಪ್ರದೇಶದಲ್ಲಿ 24 ಗಂಟೆಯಲ್ಲಿ 455 ಮಿಲಿಮೀಟರ್ ಮಳೆ ಸುರಿಯಿತು. 2024ರ ಅಕ್ಟೋಬರ್, ನವೆಂಬರ್‌ನಲ್ಲಿ ಒಂದು ತಿಂಗಳೊಳಗೆ ಆರು ಚಂಡಮಾರುತಗಳು ಸಾಲಾಗಿ ಬಂದವು. ಬಿದ್ದವರು ಎದ್ದು ನಿಲ್ಲೋಕೆ ಸಮಯ ಬೇಕಲ್ಲ? ಆ ಸಮಯವೇ ಸಿಗಲಿಲ್ಲ.

ಇಷ್ಟಕ್ಕೂ ಜಗತ್ತಿನ ಇಂಗಾಲ ಹೊಗೆಯಲ್ಲಿ ಫಿಲಿಪ್ಪೀನ್ಸ್‌ನ ಪಾಲು ಶೇಕಡಾ ಒಂದಕ್ಕಿಂತ ಕಡಿಮೆ. ಹೈಯಾನ್ ಬಂದ ಮೂರೇ ದಿನಕ್ಕೆ ವಾರ್ಸಾದಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ಶುರುವಾಯಿತು. ಫಿಲಿಪ್ಪೀನ್ಸ್ ಪ್ರತಿನಿಧಿ ಯೆಬ್ ಸಾನ್ಯೊ ವೇದಿಕೆಯಲ್ಲಿ ಕಣ್ಣೀರು ಹಾಕಿ, ಅರ್ಥಪೂರ್ಣ ತೀರ್ಮಾನ ಬರುವವರೆಗೂ ಉಪವಾಸ ಇರ್ತೀನಿ ಅಂದರು. ಅದೇ ಸಮ್ಮೇಳನದಲ್ಲಿ ‘ನಷ್ಟ ಮತ್ತು ಹಾನಿ’ಯ ಬಗ್ಗೆ ಒಂದು ಅಂತರರಾಷ್ಟ್ರೀಯ ವ್ಯವಸ್ಥೆಗೆ ಒಪ್ಪಿಗೆ ಸಿಕ್ಕಿತು. ಅದಕ್ಕೊಂದು ನಿಧಿ ಬೇಕು ಅಂತ ತೀರ್ಮಾನವಾಗಲು 2022ರವರೆಗೆ ಕಾಯಬೇಕಾಯಿತು. 2024ರಲ್ಲಿ ಆ ನಿಧಿಯ ಮಂಡಳಿಗೆ ಆತಿಥೇಯ ದೇಶವಾಗಿ ಆಯ್ಕೆಯಾದದ್ದು ಫಿಲಿಪ್ಪೀನ್ಸೇ. ಅಲ್ಲಿನ ಮಾನವ ಹಕ್ಕುಗಳ ಆಯೋಗ, ದೊಡ್ಡ ತೈಲ, ಕಲ್ಲಿದ್ದಲು, ಸಿಮೆಂಟ್ ಕಂಪನಿಗಳ ಹೊಣೆಯ ಬಗ್ಗೆ ವರ್ಷಗಟ್ಟಲೆ ವಿಚಾರಣೆ ನಡೆಸಿ 2022ರಲ್ಲಿ ವರದಿ ಕೊಟ್ಟಿತು.

ಹೊರಗಿನವರನ್ನ ಕೇಳಿದ ಹಾಗೆ ಒಳಗಿನವರನ್ನೂ ಜನ ಕೇಳ್ತಿದ್ದಾರೆ. 2020ರ ನವೆಂಬರ್‌ನಲ್ಲಿ ಸಾಲು ಚಂಡಮಾರುತಗಳು ಬಂದಾಗ, ನಮ್ಮನ್ನ ರೆಸಿಲಿಯಂಟ್ ಅಂತ ಹೊಗಳಿ ನಿಮ್ಮ ಜವಾಬ್ದಾರಿಯಿಂದ ನುಣುಚಿಕೊಳ್ಳಬೇಡಿ ಅಂತ ಯುವಜನ ಸಿಟ್ಟಾದರು. 2025ರ ಜುಲೈನಲ್ಲಿ ಅಧ್ಯಕ್ಷ ಮಾರ್ಕೋಸ್ ಜೂನಿಯರ್ ತಮ್ಮ ವಾರ್ಷಿಕ ಭಾಷಣದಲ್ಲೇ ಪ್ರವಾಹ ತಡೆ ಕಾಮಗಾರಿಗಳ ಭ್ರಷ್ಟಾಚಾರದ ಮಾತೆತ್ತಿದರು. ಆಮೇಲೆ ಹೊರಬಂದ ಲೆಕ್ಕ: 545 ಶತಕೋಟಿ ಪೆಸೊ ಕಾಮಗಾರಿ, ಅದರಲ್ಲಿ ಸುಮಾರು ಐದನೇ ಒಂದು ಭಾಗ ಬರೀ 15 ಗುತ್ತಿಗೆದಾರರಿಗೆ. ಕಾಗದದಲ್ಲಿ ಇರುವ, ನೆಲದಲ್ಲಿ ಇಲ್ಲದ ತಡೆಗೋಡೆಗಳು. ಸೆಪ್ಟೆಂಬರ್ 21ರಂದು ಮನಿಲಾದ ಬೀದಿಗಳು ಜನರಿಂದ ತುಂಬಿದವು. ಅದೇ ನವೆಂಬರ್‌ನಲ್ಲಿ ಮತ್ತೊಂದು ಚಂಡಮಾರುತ ಸೆಬುವನ್ನ ಮುಳುಗಿಸಿತು.

ಕೆಲಸ ಮಾಡಿದರೆ ಆಗುತ್ತೆ ಅನ್ನೋದಕ್ಕೆ ಸಾಕ್ಷಿ ಓರ್ಮೋಕ್. 1991ರ ನಂತರ ಜಪಾನ್ ನೆರವಿನಿಂದ ಅಲ್ಲಿ ನದಿಗಳನ್ನ ಅಗಲ ಮಾಡಿದರು, ಮರದ ದಿಮ್ಮಿಗಳನ್ನ ತಡೆಯುವ ಒಡ್ಡುಗಳನ್ನ ಕಟ್ಟಿದರು. 2001ರಲ್ಲಿ ಆ ಕಾಮಗಾರಿ ಮುಗಿಯಿತು. ಅಂದ್ರೆ ಹಣ, ಎಂಜಿನಿಯರ್, ಹತ್ತು ವರ್ಷ. ಪವಾಡ ಏನೂ ಬೇಕಾಗಲಿಲ್ಲ.

ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ: ತಾಳಿಕೆ ಅನ್ನೋದು ಯಾವ ಜನಾಂಗದ ಹುಟ್ಟುಗುಣವೂ ಅಲ್ಲ. ಫೌರಾ ಬರೆದಿಟ್ಟ ಅಂಕಿಗಳಲ್ಲಿ, ಗೆಣಸು ನೆಟ್ಟ ಕೈಗಳಲ್ಲಿ, ಕೇರಿಯ ಸಭೆಯಲ್ಲಿ, ಅರ್ಥವಾಗುವ ಒಂದು ಪದದಲ್ಲಿ ಅದು ತಯಾರಾಗುತ್ತೆ. ಕದ್ದ ಗುತ್ತಿಗೆಯಲ್ಲಿ, ಕಡಿದ ಕಾಡಿನಲ್ಲಿ ಅದೇ ಕಳೆದೂ ಹೋಗುತ್ತೆ. ಇನ್ನು ಮುಂದೆ ಫಿಲಿಪ್ಪೀನ್ಸ್‌ನ ಪ್ರವಾಹದ ನೀರಲ್ಲಿ ನಗ್ತಾ ನಿಂತಿರುವ ಮಕ್ಕಳ ಚಿತ್ರ ನಿಮ್ಮ ಫೋನಿಗೆ ಬಂದರೆ, ಆ ನಗುವನ್ನ ಮೆಚ್ಚಿಕೊಳ್ಳಿ. ಜೊತೆಗೆ, ಆ ನೀರು ಅಲ್ಲಿಗೆ ಹೇಗೆ ಬಂತು ಅಂತಲೂ ಒಮ್ಮೆ ಕೇಳಿ.